ಆರನೇ ತಿಂಗಳ ಫೋನು

ಮೊದಲ ಹಾಳೆಯ ಮೂರನೇ ಪ್ರಶ್ನೆ:
ತೊಂದರೆ ಶುರುವಾಗಿ ಎಷ್ಟು ತಿಂಗಳು?
ಅಂಕಿಯಲ್ಲೇ ಬರೆಯಬೇಕು. ಇರುವುದು ಎರಡೇ ಚೌಕ.

ಕಾಳಗಿಯ ತಂಗೆಮ್ಮ ಬೆರಳು ಮಡಚುತ್ತಾಳೆ.
"ತೊಗರಿ ಹೂವಿಗೆ ಬಂದಿತ್ತು ನೋಡ್ರಿ,
ಆವಾಗ ಒಮ್ಮೆ ನೆತ್ತರ ಬಿತ್ತು.
ಮೂಲವ್ಯಾಧಿ ಅಂದ್ರು, ಪುಡಿ ಕಟ್ಟಿ ಕೊಟ್ರು.
ರಾಶಿ ಆತು. ಸೊಸಿ ಬಾಣಂತನ ಆತು.
ನನ್ನ ಹೊಟ್ಟಿ ಯಾರು ಕೇಳಬೇಕು,
ನಾನೂ ಕೇಳಲಿಲ್ಲ."

ಬರೆದೆ: 07.
ಆ ಸೊನ್ನೆಯೊಳಗೆ ಒಂದು ಹೊಲ ಪೂರ್ತಿ
ಹಳದಿಯಾಗಿ ನಿಂತಿತ್ತು.

ಎಡಗಡೆಯ ಕರುಳು, ಇಳಿಯುವ ದಾರಿ.
ಸುತ್ತ ಕವಿದ ಗಡ್ಡೆಯ ನಡುವೆ
ಪೆನ್ಸಿಲ್ ತೂರುವಷ್ಟು ಸಂದಿ.
ಕತ್ತರಿಸಿ ತೆಗೆದದ್ದು ಹದಿನೆಂಟು ಸೆಂಟಿಮೀಟರು.
ಲಿಫ್ಟು ಕೆಟ್ಟಿತ್ತು. ಫಾರ್ಮಾಲಿನ್ ಡಬ್ಬಿ ಹಿಡಿದು
ಮೂರು ಮಹಡಿ ನಾನೇ ಇಳಿದೆ,
ನೆರೆಮನೆಗೆ ಸಾರು ಒಯ್ಯುವವಳ ಹಾಗೆ
ಮುಚ್ಚಳ ಒತ್ತಿಕೊಂಡು.

ಪಕ್ಕದ ಕುರ್ಚಿಯ ಮುದಸ್ಸಿರನ ಪ್ರಬಂಧ
ಪೆಟ್ಟಿನ ಲೆಕ್ಕದ್ದು.
ಮೈಯನ್ನು ಆರು ಪಾಲು ಮಾಡಿ
ಹೆಚ್ಚು ನೊಂದ ಮೂರನ್ನು ಆರಿಸಿ
ಒಂದೊಂದನ್ನೂ ಅದರಿಂದಲೇ ಗುಣಿಸಿ ಕೂಡುವುದು.
ಶಹಾಬಾದಿನ ಗಣಿಯಲ್ಲಿ ಫರಸಿ ಜಾರಿ ಬಿದ್ದ ಲಾಡ್ಲೇಸಾಬನಿಗೆ
ತಲೆ ನಾಲ್ಕು, ಎದೆ ಮೂರು, ಕಾಲು ಮೂರು:
ಒಟ್ಟು ಮೂವತ್ನಾಲ್ಕು.
ಪ್ರಜ್ಞೆಯ ಅಂಕ ಬೇರೆ. ಕಣ್ಣು, ಮಾತು, ಚಲನೆ.
ಅದರಲ್ಲಿ ಯಾರಿಗೂ ಸೊನ್ನೆಯಿಲ್ಲ,
ಉಸಿರು ನಿಂತವನಿಗೂ ಮೂರು ಕೊಡಲೇಬೇಕು.
"ನಮ್ಮ ಪರೀಕ್ಷೆಗಳೂ ಹೀಗಿದ್ದಿದ್ದರೆ" ಎಂದು ನಕ್ಕ ಮುದಸ್ಸಿರ
ಆಮೇಲೆ ಬಹಳ ಹೊತ್ತು
ಕ್ಯಾಲ್ಕ್ಯುಲೇಟರ್ ಮುಟ್ಟಲಿಲ್ಲ.

ನವೆಂಬರು. ಇಂದು ಅವನಿಗೆ ಓಟಿ,
ಎರಡೂ ಪಟ್ಟಿ ನನ್ನ ಕೈಲಿ.
ರೆಕಾರ್ಡ್ ರೂಮಿನ ಫೋನಿಗೆ ಬಳ್ಳಿ ಗಿಡ್ಡ,
ನಿಂತೇ ಮಾತಾಡಬೇಕು.
ನಾನು ದಾವಣಗೆರೆಯವಳು. ಕಲಬುರಗಿಗೆ ಬಂದು
ಮೂರು ವರ್ಷವಾದರೂ ಇಲ್ಲಿಯ ಕ್ರಿಯಾಪದಗಳು
ಒಮ್ಮೊಮ್ಮೆ ನನ್ನನ್ನು ಕೆಡವುತ್ತವೆ.

"ಲಾಡ್ಲೇಸಾಬ ಇದ್ದಾರಾ?"
"ಇಲ್ರಿ," ಹೆಂಗಸಿನ ದನಿ. "ಹೋಗ್ಯಾರ."
ಪೆನ್ನು ತಾನಾಗಿ ಸರಿದು
ಮರಣ ಎಂಬ ಚೌಕದ ನೆತ್ತಿಯಲ್ಲಿ ನಿಂತಿತು.
ದಿನಾಂಕ ಕೇಳಬೇಕು. ಗಂಟಲು ಸರಿಮಾಡಿಕೊಂಡೆ.
"ಯಾವಾಗ ಹೋದ್ರು?"
"ಮುಂಜಾನಿ, ಏಳರ ಬಸ್ಸಿಗೆ!
ಸೇಡಂನಾಗ ಭಾವನ ಅಂಗಡಿ ಅದ,
ಕುಂತು ಲೆಕ್ಕ ಬರೀತಾರ.
ಕುಂಟತಾರ. ಸಿಟ್ಟ ಭಾಳ ಬಂದಾವ ಈಗ.
ಒಮ್ಮೊಮ್ಮೆ ನನ್ನ ಹೆಸರ ಮರೀತಾರ,
ನಾ ಹೇಳಿಕೊಡ್ತೀನಿ."
ಬದುಕಿದ್ದಾರೆ, ನಡೆಯುತ್ತಾರೆ, ದುಡಿಯುತ್ತಾರೆ:
ಮೂರು ಸರಿ ಗುರುತು.
ಹೇಳಿಕೊಡುವವಳಿಗೆ ಕಾಲಂ ಇರಲಿಲ್ಲ.

ಆ ಹಗುರದಲ್ಲೇ ಇನ್ನೊಂದು ನಂಬರು ಒತ್ತಿದೆ.
ತಂಗೆಮ್ಮನ ಮಗ ಎತ್ತಿದ.
"ನಮ್ಮವ್ವಗ ಈಗ ಏನೂ ತ್ರಾಸಿಲ್ರಿ ಮೇಡಂ."
ಬರೆದೇಬಿಟ್ಟೆ: ಲಕ್ಷಣಗಳಿಲ್ಲ.
"ಊಟ ಸೇರುತ್ತಾ? ಹೊಟ್ಟೆ ಮೇಲಿನ ಚೀಲ
ಯಾರು ಬದಲಿಸ್ತಾರೆ?"
ಆ ಕಡೆ ಯಾರೋ ಕೊಡ ಇಳಿಸಿದ ಸದ್ದು.
ಅವನು ನನಗಾಗಿ ನಾಚಿಕೊಂಡವನಂತೆ
ಮೆಲ್ಲಗೆ ಹೇಳಿದ:
"ನಾಗರ ಪಂಚಮಿ ಆಗಿ ಎಂಟು ದಿನಕ್ಕ, ಮೇಡಂ.
ಚೀಲ ಎರಡು ಹಂಗೇ ಉಳದಾವ.
ಯಾರಿಗರ ಬೇಕಾದ್ರ ತಂದು ಕೊಡ್ತೀನಿ."

ನಾಳಿದ್ದು ಗೈಡ್ ಕೇಳುತ್ತಾರೆ,
ಅರವತ್ತೆರಡರಲ್ಲಿ ಎಷ್ಟು.
ಹೇಳುತ್ತೇನೆ. ಅದು ಬೇಕಾದ ಲೆಕ್ಕವೇ,
ಮುಂದಿನ ತಂಗೆಮ್ಮನ ಪುಡಿಯ ಪೊಟ್ಟಣ
ಯಾರಾದರೂ ಬಿಚ್ಚಿ ನೋಡಲಿಕ್ಕೆ.

ಗೋಡೆಯ ಕ್ಯಾಲೆಂಡರು ಹಿಂದಕ್ಕೆ ಮಗುಚಿದೆ,
ಅಕ್ಟೋಬರ್, ಸೆಪ್ಟೆಂಬರ್, ಆಗಸ್ಟ್.
ಪಂಚಮಿಯಿಂದ ಎಂಟು ಮನೆ ಎಣಿಸಿದೆ.
ಆ ಮನೆಯಲ್ಲಿ ಅಟೆಂಡರಿನ ಕೈಬರಹ, ನೀಲಿ ಶಾಯಿ:
ನೀರಿನ ಕ್ಯಾನು ಎರಡು,
ಒಂದು ವಾಪಸ್.